ಮೂರನೇ ಕ್ಯಾನಿನ ಮುಚ್ಚಳ

ನಮ್ಮ ಮನೆಯಲ್ಲಿ ಒಂದು ಗೋಡೆ ವರ್ಷವಿಡೀ ತಣ್ಣಗಿರುತ್ತಿತ್ತು. ಈ ಕಡೆ ಉಮ್ಮನ ಒಲೆ, ಆ ಕಡೆ ಬಾಪನ ಐಸ್ ಕೋಣೆ. ಬೇಸಿಗೆ ಬಂತೆಂದರೆ ಬಾಪನ ತಾಯಿ, ನಮ್ಮ ಅಜ್ಜಿ, ಚಾಪೆಯನ್ನು ಅಡುಗೆಮನೆಗೆ ತಂದು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮಳೆ ಹಿಡಿದ ಕೂಡಲೇ ತಮ್ಮ ಮಂಡಿನೋವಿಗೆಲ್ಲ ಅದೇ ಗೋಡೆ ಕಾರಣ ಎಂದು ಮಗನಿಗೆ ಬೈಯುತ್ತಿದ್ದರು. ಫರಂಗಿಪೇಟೆಯ ಹೆದ್ದಾರಿ ಪಕ್ಕದ ಮನೆ. ಎದುರಿನಲ್ಲಿ ಲಾರಿಗಳ ಸಾಲು, ಹಿಂದೆ ನಾಲ್ಕು ತೆಂಗಿನಮರ ದಾಟಿದರೆ ನೇತ್ರಾವತಿ. ಇಷ್ಟಿದ್ದರೂ ಬಾಲ್ಯವೆಂದರೆ ನನ್ನ ಕಿವಿಗೆ ಬರುವುದು ಕಂಪ್ರೆಸರಿನ ಸದ್ದು. ಕರೆಂಟು ಹೋಗಿ ಅದು ನಿಂತಾಗ ಮಾತ್ರ ಅಷ್ಟು ಹೊತ್ತು ಅದು ಇತ್ತೆಂದು ನಮಗೆ ಗೊತ್ತಾಗುತ್ತಿತ್ತು. ಐಸ್ ಕೋಣೆಯ ನಡುವೆ ಸಿಮೆಂಟಿನ ತೊಟ್ಟಿ, ಅದರ ತುಂಬ ಉಪ್ಪುನೀರು. ಉಪ್ಪು ಬೆರೆತ ನೀರು ಎಷ್ಟು ತಣ್ಣಗಾದರೂ ಗಟ್ಟಿಯಾಗುವುದಿಲ್ಲ. ಅದರಲ್ಲಿ ಇಳಿಬಿಟ್ಟದ್ದೆಲ್ಲ ಗಟ್ಟಿಯಾಗುತ್ತದೆ. ಐಸ್ ಕ್ಯಾಂಡಿಯ ಅಚ್ಚುಗಳು ಒಂದು ಬದಿಗೆ, ಐಸ್‌ಕ್ರೀಮಿನ ಮೂರು ಉದ್ದನೆಯ ಕ್ಯಾನುಗಳು ಇನ್ನೊಂದು ಬದಿಗೆ. ಬಾಪ ನೋಡದಿದ್ದಾಗ ನಾನು ಆ ನೀರಿಗೆ ಕೈ ಅದ್ದುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಬೆರಳುಗಳು ಮರಗಟ್ಟುತ್ತಿದ್ದವು. ಆಮೇಲೆ ಅವನ್ನು ಚಿವುಟಿ ನೋಡುವುದು, ನೋವಾಗದಿರುವುದು ನನಗೆ ಇಷ್ಟವಾಗಿತ್ತು.

ಬಾಪ ಎಂಟು ವರ್ಷ ಗಲ್ಫಿನಲ್ಲಿ ಎ.ಸಿ. ರಿಪೇರಿ ಮಾಡಿ ಬಂದವರು. ಬೇರೆಯವರು ಅಲ್ಲಿಂದ ಕಂಬಳಿ, ಅತ್ತರು, ಟೇಪ್‌ರೆಕಾರ್ಡರ್ ತಂದರೆ ಇವರು ಒಂದು ಹಳೆಯ ಕಂಪ್ರೆಸರನ್ನೂ ಒಂದು ರಟ್ಟಿನ ಫೈಲನ್ನೂ ತಂದರು. ಫೈಲಿನ ತುಂಬ ಪತ್ರಿಕೆಯಿಂದ ಕತ್ತರಿಸಿದ ರಾಕೆಟ್ಟುಗಳು. ಅಲ್ಲಿ ಅವರ ಕೋಣೆಯಲ್ಲಿ ಶ್ರೀಹರಿಕೋಟದ ಹತ್ತಿರದ ಊರಿನವನೊಬ್ಬ ಇದ್ದನಂತೆ. ರಾಕೆಟ್ ಮೇಲೇಳುವಾಗ ಅವನ ಮನೆಯ ಪಾತ್ರೆಗಳು ಅಲುಗುತ್ತಿದ್ದವಂತೆ. ಅವನು ಹೇಳಿದ್ದು, ಬಾಪ ಓದಿದ್ದು, ತಮ್ಮದೇ ತಲೆಯಿಂದ ಸೇರಿಸಿದ್ದು ಎಲ್ಲ ಕೂಡಿ ಅವರಲ್ಲಿ ಒಂದು ನಂಬಿಕೆ ಬೆಳೆದಿತ್ತು. ರಾಕೆಟ್ ಹಾರಿಸುವವರೂ ಐಸ್ ಮಾರುವವರೂ ಮಾಡುವ ಕೆಲಸ ಒಂದೇ. ಇಬ್ಬರೂ ಒಂದು ವಸ್ತುವನ್ನು ಕೆಡದಂತೆ ದೂರಕ್ಕೆ ಮುಟ್ಟಿಸಬೇಕು, ಒಮ್ಮೆ ಹೊರಟ ಮೇಲೆ ಅದನ್ನು ವಾಪಸು ಕರೆಯಲಾಗುವುದಿಲ್ಲ. ಇದನ್ನು ಅವರು ಊಟದ ಹೊತ್ತಿಗೆ ವಿವರಿಸುತ್ತಿದ್ದರು. ಉಮ್ಮ ಮೀನುಸಾರು ಬಡಿಸುತ್ತ ಒಮ್ಮೆ ಕೇಳಿದಳು:

“ಅವರ ರಾಕೆಟ್ಟಿಗೆ ಹಾಲು ಕಾಯಿಸುವುದು ಯಾರು? ಅವರ ಹೆಂಡತಿಯರಾ?”

ಐಸ್ ಕೋಣೆಯ ಬಾಗಿಲ ಪಕ್ಕ ಒಂದು ಕರಿಹಲಗೆ ಇತ್ತು. ಅದರ ನಡುವೆ ಬಾಪ ಒಂದು ಚುಕ್ಕೆ ಇಟ್ಟು ಸುತ್ತ ವೃತ್ತಗಳನ್ನು ಎಳೆದಿದ್ದರು. ಚುಕ್ಕೆ ನಮ್ಮ ಮನೆ. ಮೊದಲ ವೃತ್ತದಲ್ಲಿ ತುಂಬೆ, ಬಿ.ಸಿ. ರೋಡು, ಅಲ್ಲಿಗೆ ಸೈಕಲಿನವರು ಕ್ಯಾಂಡಿ ಒಯ್ಯುತ್ತಿದ್ದರು. ಎರಡನೆಯದರಲ್ಲಿ ಬಂಟ್ವಾಳ, ಸಿದ್ದಕಟ್ಟೆ, ಮೂಡುಬಿದಿರೆ, ಬೆಳುವಾಯಿ. ಮೂರನೆಯದರಲ್ಲಿ ಒಂದೇ ಹೆಸರು, ಬೆಳ್ತಂಗಡಿ. ಅದರ ಮೇಲೆ ಸೀಮೆಸುಣ್ಣದ ಚಂದ್ರ. ಬೆಳ್ತಂಗಡಿ ಕಡೆಯ ಒಂದು ದೊಡ್ಡ ಮದುವೆಗೆ ಐಸ್‌ಕ್ರೀಮ್ ಕರಗದಂತೆ ಮುಟ್ಟಿಸಬೇಕು. ಮುಟ್ಟಿಸಿದರೆ ಆ ಕಡೆಯ ಮದುವೆಗಳೆಲ್ಲ ನಮ್ಮವು, ಆಮೇಲೆ ಎರಡನೆಯ ತೊಟ್ಟಿ, ನಮ್ಮದೇ ಹೆಸರಿನ ಗಾಡಿ. ಅಂಗಡಿಸಾಲಿನವರು ನಗುತ್ತಿದ್ದರು. ಎದುರಿನ ಹೋಟೆಲಿನವರು ಹೇಳುತ್ತಿದ್ದರು:

“ಬೆಳ್ತಂಗಡಿ ಮುಟ್ಟುವಾಗ ನಿಮ್ಮ ಐಸ್‌ಕ್ರೀಮು ಪಾಯಸ ಆಗಿರ್ತದೆ ಹಸನಬ್ಬರೇ.”

“ಕೈ ಚಾಚಿದರೆ ಸಿಕ್ಕುವುದಕ್ಕೆ ಗುರಿ ಅಂತ ಹೇಳುವುದಿಲ್ಲ ಮಾರಾಯ್ರೇ,” ಬಾಪ ಅನ್ನುತ್ತಿದ್ದರು. “ಅದು ದಿನಸಿ ಚೀಟಿ.”

ಅಜ್ಜಿಗೆ ಮಾತ್ರ ಆ ಚಂದ್ರ ಹಿಡಿಸುತ್ತಿರಲಿಲ್ಲ. ಚಂದ್ರ ಕಾಣಬೇಕಿದ್ದರೆ ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಅಂಗಳಕ್ಕೆ ಬಂದು ಪಡುವಣಕ್ಕೆ ನೋಡಬೇಕು, ಗೋಡೆಗೆ ಬರೆದು ನೋಡುವುದಲ್ಲ ಎನ್ನುತ್ತಿದ್ದರು.

ತೋಡಾರಿನಿಂದ ಉಮ್ಮನ ತಮ್ಮ ರಫೀಕ್ ಮಾಮ ಟೆಂಪೊ ಓಡಿಸಲು ಬಂದು ನಮ್ಮ ಮನೆಯಲ್ಲೇ ಉಳಿದ ಮೇಲೆ ಬಾಪನ ಯೋಜನೆಗೆ ಕಾಲು ಬಂತು. ರಾಕೆಟ್ ಒಂದೇ ಉಸಿರಿಗೆ ಮೇಲೆ ಹೋಗುವುದಿಲ್ಲ, ಒಂದು ಹಂತ ಕಳಚಿ ಬಿದ್ದ ಮೇಲೆ ಇನ್ನೊಂದು ಹಂತ ಉರಿಯುತ್ತದೆ ಎಂದು ಬಾಪ ಮಾಮನಿಗೆ ಅನ್ನದ ತಟ್ಟೆಯಲ್ಲಿ ಹೀರೆಕಾಯಿ ಹೋಳುಗಳನ್ನಿಟ್ಟು ತೋರಿಸಿದರು. ನಾವೂ ಹಾಗೇ ಹೋಗಬೇಕು. ಉಮಿ ತುಂಬಿದ ಮರದ ಪೆಟ್ಟಿಗೆಯಲ್ಲಿ ಕ್ಯಾನುಗಳನ್ನಿಟ್ಟು ಸುತ್ತ ಉಪ್ಪು ಬೆರೆಸಿದ ಐಸು ತುಂಬುವುದು. ಅರ್ಧ ದಾರಿ, ಪುಂಜಾಲಕಟ್ಟೆಯಲ್ಲಿ, ಗೊತ್ತಿನವರ ಚಾ ಅಂಗಡಿಯ ಹಿಂದೆ ಇನ್ನೊಂದು ಪೆಟ್ಟಿಗೆ ಐಸು ಮೊದಲೇ ಇಟ್ಟಿರುವುದು. ಕರಗಿದ್ದನ್ನು ಅಲ್ಲಿ ಚೆಲ್ಲಿ, ಕ್ಯಾನುಗಳನ್ನು ಒರೆಸಿ, ಹೊಸ ಐಸು ತುಂಬಿ ಮುಂದೆ ಹೋಗುವುದು. ಹಂತ ಬದಲಿಸುವ ಕೆಲಸ ಮಾಮನದ್ದು. ಮಾಮ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಆ ಹೀರೆಕಾಯಿ ಹೋಳುಗಳನ್ನು ತಿಂದ.

ಆ ಮನೆಯಲ್ಲಿ ನನಗೂ ಒಂದು ಕೆಲಸ ಇತ್ತು. ಮಾಲು ಹೊರಡುವ ಮುಂಚೆ ಎಲ್ಲರೂ ಹಲಗೆಯ ಮುಂದೆ ನಿಲ್ಲಬೇಕು. ಬಾಪ ಒಂದೊಂದೇ ಕರೆಯುತ್ತಾರೆ, ಆಯಾ ಕೆಲಸದವರು ಉತ್ತರ ಕೊಡುತ್ತಾರೆ. ಹಾಲು, ಸಕ್ಕರೆ ಎಂದರೆ ಉಮ್ಮ “ಸರಿ” ಅನ್ನಬೇಕು. ಗಾಡಿ ಎಂದರೆ ಮಾಮ. ಕೊನೆಗೆ ಮುಚ್ಚಳ ಎಂದರೆ ಮತ್ತೆ ಮಾಮ. ಅದಕ್ಕೆ ಮುಂಚೆ ರುಚಿ ಎಂದರೆ ನಾನು. ಪ್ರತಿ ಕ್ಯಾನಿನಿಂದ ಒಂದೊಂದು ಚಮಚ ತಿಂದು ನೋಡಿ “ಸರಿ” ಅನ್ನುವುದು ಏಳು ವರ್ಷದ ನನ್ನ ಉದ್ಯೋಗ. ಯಾರಿಗಾದರೂ ಏನಾದರೂ ಸಂಶಯ ಇದ್ದರೆ “ನಿಲ್ಲು” ಅನ್ನಬೇಕು. ಯಾರು ನಿಲ್ಲು ಅಂದರೂ ಎಲ್ಲವೂ ನಿಲ್ಲಬೇಕು. ರಾಕೆಟ್ಟಿನ ಕಡೆ ಅತೀ ಸಣ್ಣ ಕೆಲಸದವನಿಗೂ ಆ ಅಧಿಕಾರ ಉಂಟೆಂದು ಬಾಪ ಎಲ್ಲೋ ಓದಿದ್ದರು. ಒಮ್ಮೆ ಬೆಳುವಾಯಿಯ ಒಂದು ಸಮಾರಂಭಕ್ಕೆ ಮಾಲು ಹೊರಟಿದ್ದಾಗ ನಾನು ನಿಜವಾಗಿಯೂ “ನಿಲ್ಲು” ಅಂದೆ. ಒಂದು ಕ್ಯಾನಿನಲ್ಲಿ ಹಾಲು ಅಡಿ ಹಿಡಿದ ರುಚಿ ಬರುತ್ತಿತ್ತು. ಉಮ್ಮನಿಗೆ ರೇಗಿತು. ಗಂಟೆಗಟ್ಟಲೆ ಒಲೆ ಮುಂದೆ ನಿಂತವಳು ಅವಳು.

“ಇಷ್ಟುದ್ದದ ಹುಡುಗಿಗೆ ಏನು ಗೊತ್ತುಂಟು? ಏಲಕ್ಕಿ ಜಾಸ್ತಿ ಆಗಿರಬೇಕು.”

ಬಾಪ ಚಮಚ ಬಾಯಿಗಿಟ್ಟು ನೋಡಿದರು. ಆಮೇಲೆ ಆ ಕ್ಯಾನನ್ನು ಹಿತ್ತಲಿಗೆ ಒಯ್ದು ಸುರಿದರು.

“ಈ ಮನೆಯಲ್ಲಿ ನಿಲ್ಲು ಅಂದವರಿಗೆ ಯಾರೂ ಬೈಯುವ ಹಾಗಿಲ್ಲ,” ಎಂದರು.

ಬೆಳುವಾಯಿಗೆ ಒಂದು ಗಂಟೆ ತಡವಾಗಿ ಮುಟ್ಟಿದರೂ ಮಾಲು ಚೆನ್ನಾಗಿತ್ತು. ಅಂದು ಸಂಜೆ ಬಾಪ ಹಲಗೆಯಲ್ಲಿ ಬೆಳುವಾಯಿಯ ಹೆಸರಿನ ಪಕ್ಕ ನನ್ನ ಹೆಸರು ಬರೆದರು. ನಸೀಮಾ ಎಂದು, ದೊಡ್ಡ ಅಕ್ಷರದಲ್ಲಿ. ಅದಕ್ಕಿಂತ ಹೆಚ್ಚು ಹೆಮ್ಮೆ ನನಗೆ ಮುಂದೆ ಯಾವತ್ತೂ ಆಗಿದ್ದು ನೆನಪಿಲ್ಲ.

ಬೆಳ್ತಂಗಡಿಯ ಮದುವೆ ಸಿಕ್ಕಿದ್ದು ಆ ಬೆಳುವಾಯಿಯಿಂದಲೇ. ಅಲ್ಲಿ ನಮ್ಮ ಐಸ್‌ಕ್ರೀಮ್ ತಿಂದ ಒಬ್ಬ ನಿವೃತ್ತ ಮಾಸ್ಟ್ರು ಮಗಳ ಮದುವೆಗೆ ಅದೇ ಆಗಬೇಕೆಂದು ಮನೆ ಹುಡುಕಿಕೊಂಡು ಬಂದರು. ಗುರುವಾಯನಕೆರೆಯಿಂದ ಒಳಗೆ ಅವರ ಮನೆ, ಅಂಗಳದಲ್ಲೇ ಚಪ್ಪರ. ಆ ಕಡೆ ಮದುವೆಯೂಟಕ್ಕೆ ಐಸ್‌ಕ್ರೀಮ್ ಹಾಕುವುದು ಆಗ ಹೊಸತು. ಬಾಪ ದಿನ ಕೇಳಿದರು, ಮಾಸ್ಟ್ರು ಹೇಳಿದರು, ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡಿದರು. ಅದು ರಂಜಾನ್ ತಿಂಗಳ ನಡುವೆ ಬರುತ್ತಿತ್ತು.

“ನಿಮಗೆ ಉಪವಾಸದ ಸಮಯ, ಕಷ್ಟ ಆಗ್ಲಿಕ್ಕಿಲ್ವಾ ಬ್ಯಾರಿಗಳೇ?”

“ಹೊಟ್ಟೆಗಲ್ವಾ ಉಪವಾಸ ಮಾಸ್ಟ್ರೇ. ಕೈಗೆ ಇಲ್ಲ.”

ನಮ್ಮ ಮನೆಯಲ್ಲಿ ನೋಂಬು ಎಂದರೆ, ಅಂದರೆ ರಂಜಾನಿನ ಉಪವಾಸ ಎಂದರೆ, ಅಜ್ಜಿಯ ಆಡಳಿತ. ಬೆಳಗಿನಿಂದ ಮಗ್ರಿಬ್‌ವರೆಗೆ ನಾಲಿಗೆಗೆ ಏನೂ ತಾಗುವಂತಿಲ್ಲ, ಅಡುಗೆಯ ಉಪ್ಪು ನೋಡುವುದಕ್ಕೂ ಇಲ್ಲ. ಉಮ್ಮ ಕಣ್ಣಳತೆಯಲ್ಲೇ ಉಪ್ಪು ಹಾಕುತ್ತಿದ್ದಳು. ಸಂಜೆ ಖರ್ಜೂರ ಬಾಯಿಗಿಟ್ಟು ನೋಂಬು ಬಿಟ್ಟ ಮೇಲೆ, ತರಿ ಎಂಬ ರವೆಯ ಗಂಜಿ ಕುಡಿಯುತ್ತ, ಇವತ್ತಿನ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಊಹಿಸುವುದೇ ಒಂದು ಆಟ. ಆದ್ದರಿಂದ ಆ ತಿಂಗಳಲ್ಲಿ ಮನೆಯೊಳಗೆ ಬಾಯಿ ಇರುವ ಒಬ್ಬಳೇ ಒಬ್ಬಳು ನಾನು. ಬಾಪ ನನ್ನನ್ನು ಕರೆದು ತೊಡೆಯ ಮೇಲೆ ಕೂರಿಸಿ ಹೇಳಿದರು:

“ಮದುವೆ ಮುಗಿಯುವವರೆಗೆ ನೀನು ನೋಂಬು ಇಡಬೇಡ ಮಗಳೇ. ಆಮೇಲೆ ಬೇಕಾದಷ್ಟು ಇಡು. ಆಗ್ತದಲ್ಲ?”

“ಆಗ್ತದೆ,” ಎಂದೆ.

ಆದರೆ ಪಕ್ಕದ ಮನೆಯ ರಜಿಯಾ ನನ್ನದೇ ವಯಸ್ಸಿನವಳು, ಆಗಲೇ ಮೂರು ಇಟ್ಟಿದ್ದಳು. ಮದ್ರಸಾದಲ್ಲಿ ಬೆರಳು ಮಡಚಿ ತೋರಿಸುತ್ತಿದ್ದಳು. ಅಜ್ಜಿ ಬೇರೆ, ಹದಿನೇಳನೆಯ ನೋಂಬು ಬದ್ರ್ ಯುದ್ಧದ ದಿನ, ಮಕ್ಕಳು ಮೊದಲ ನೋಂಬು ಇಡಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ ಎಂದು ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಲೆಕ್ಕ ಹಾಕಿ ನೋಡಿದರೆ ಮದುವೆಯೂ ಹದಿನೇಳಕ್ಕೇ. ಅಂದೇ ನೋಂಬು ಇಡುತ್ತೇನೆಂದು ಬಾಪನಿಗೆ ಹೇಳಿದ್ದರೆ ಏನಾಗುತ್ತಿತ್ತೋ. ಬಹುಶಃ ರಜಿಯಾಳ ತಮ್ಮನನ್ನು ಕರೆದು ತಿನ್ನಿಸುತ್ತಿದ್ದರು, ಕೆಲಸ ಆಗುತ್ತಿತ್ತು. ನಾನು ಹೇಳಲಿಲ್ಲ. ಮಸೀದಿಯಲ್ಲಿ ಬೆಳಗ್ಗಿನ ಬಾಂಗ್ ಕೂಗುವ ಮುಂಚೆ ದೊಡ್ಡವರು ಉಣ್ಣಲು ಎದ್ದಾಗ ನಾನೂ ಎದ್ದು ಅವರ ಜೊತೆ ಉಂಡೆ. ಮಕ್ಕಳು ತಿನ್ನುವ ಆಸೆಗೆ ಹಾಗೆ ಏಳುವುದು ಎಲ್ಲ ಮನೆಯಲ್ಲೂ ಇತ್ತು, ಯಾರೂ ಏನೂ ಕೇಳಲಿಲ್ಲ. ಮನಸ್ಸಿನಲ್ಲೇ ನೋಂಬಿನ ನಿಯ್ಯತ್ತು, ಸಂಕಲ್ಪ, ಮಾಡಿಕೊಂಡೆ.

ಬಿಸಿಲು ಏರುವ ಮುಂಚೆ ಹಲಗೆಯ ಮುಂದೆ ಎಲ್ಲರೂ ನಿಂತೆವು. ಬಾಪ ಇಸ್ತ್ರಿ ಅಂಗಿ ಹಾಕಿದ್ದರು. ಅಜ್ಜಿ ಕೂಡ ಬಾಗಿಲಿಗೆ ಬಂದು ನಿಂತಿದ್ದರು. ಹಾಲು, ಸಕ್ಕರೆ? ಸರಿ. ಗಾಡಿ? ಸರಿ. ಇನ್ನು ಮುಚ್ಚಳ ಹಾಕುವ ಮುಂಚೆ ರುಚಿ. ನಾನು ಚಮಚ ಹಿಡಿದು ಕ್ಯಾನುಗಳ ಹತ್ತಿರ ಸ್ಟೂಲು ಹತ್ತಿದೆ. ಬೆನ್ನು ಅವರ ಕಡೆಗಿತ್ತು. ಮೊದಲ ಕ್ಯಾನಿಗೆ ಚಮಚ ಹಾಕಿ ಬಾಯಿಯ ಹತ್ತಿರ ತಂದು ಹಾಗೇ ಕೆಳಗಿಳಿಸಿ ಕಾಗದದ ಕಪ್ಪಿನಲ್ಲಿ ಒರೆಸಿದೆ. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೂ ಹಾಗೇ. ಏಲಕ್ಕಿಯ ಪರಿಮಳ ಮೂಗಿಗೆ ಬರುತ್ತಿತ್ತು. ಪರಿಮಳ ಚೆನ್ನಾಗಿಯೇ ಇತ್ತು.

“ರುಚಿ?”

“ಸರಿ.”

ಮಾಮ ಮುಚ್ಚಳ ಹಾಕಿ, ಮೇಲೆ ಬಟ್ಟೆ ಬಿಗಿದು, ಒಂದೊಂದನ್ನೂ ಅಂಗೈಯಿಂದ ಗುದ್ದಿ ನೋಡಿದ. ಮುಚ್ಚಳ? ಸರಿ. ಟೆಂಪೊ ಹೆದ್ದಾರಿಗೆ ಇಳಿದು ಬಿ.ಸಿ. ರೋಡಿನ ಕಡೆ ತಿರುಗುವವರೆಗೆ ನಾವು ನೋಡುತ್ತ ನಿಂತೆವು.

ಮುಂದಿನದು ನಾನು ಕಂಡದ್ದಲ್ಲ. ಮಾಮ ಉಮ್ಮನಿಗೆ ಹೇಳಿದ್ದು, ನಾನು ಗೋಡೆಯ ಪಕ್ಕ ಕೂತು ಕೇಳಿದ್ದು. ಐಸ್‌ಕ್ರೀಮ್ ಒಂದು ಹನಿ ಕರಗದೆ ಮುಟ್ಟಿತು. ಪುಂಜಾಲಕಟ್ಟೆಯಲ್ಲಿ ಹಂತ ಬದಲಿಸಿದ್ದು ಹತ್ತೇ ನಿಮಿಷದಲ್ಲಿ. ಮೊದಲ ಪಂಕ್ತಿಯ ಊಟ ಮುಗಿಯುತ್ತ ಬಂದಾಗ ಬಾಪ ತಾವೇ ಒಂದು ಕ್ಯಾನು ತೆರೆದರು. ಕಲ್ಲಿನಂತೆ ಗಟ್ಟಿಯಾಗಿತ್ತು. ಕಪ್ಪುಗಳಿಗೆ ಹಾಕಿ ಸಾಲಿಡೀ ಹಂಚಿದರು. ಒಂದು ಮಗು ಉಗುಳಿತು. ಅದರ ತಾಯಿ ಬಾಯಿಗಿಟ್ಟು ಮುಖ ಕಿವುಚಿದಳು. ಆಮೇಲೆ ಸಾಲಿನ ಉದ್ದಕ್ಕೂ ಚಮಚಗಳು ಕೆಳಗಿಳಿದವು. ಯಾರೋ ಒಬ್ಬರು, ಸಾರಿಗೆ ಹಾಕಲು ಮರೆತ ಉಪ್ಪೆಲ್ಲ ಇಲ್ಲಿ ಉಂಟು ಅಂದರು. ಕೆಲವರು ನಕ್ಕರು. ಮದುಮಗನ ಕಡೆಯ ಒಬ್ಬರು ಕಪ್ಪು ಹಿಡಿದು ಎದ್ದು ಬಂದರು.

“ನೀವೇ ತಿಂದು ನೋಡಿ ಬ್ಯಾರಿಗಳೇ. ಇದು ತಿನ್ನುವ ವಸ್ತುವಾ?”

ಬಾಪ ಕಪ್ಪು ತೆಗೆದುಕೊಂಡರು. ತಿನ್ನಲಿಲ್ಲ.

“ನೋಡಿ, ಅವರೇ ತಿನ್ನುವುದಿಲ್ಲ,” ಎಂದರು ಮದುಮಗನ ಕಡೆಯವರು, ಎಲ್ಲರಿಗೂ ಕೇಳುವ ಹಾಗೆ.

ಆಗ ಮಾಸ್ಟ್ರು ನಡುವೆ ಬಂದು, ಅವರಿಗೆ ಉಪವಾಸ, ತಿನ್ನುವ ಹಾಗಿಲ್ಲ ಎಂದು ತುಳುವಿನಲ್ಲಿ ಹೇಳಿ, ಬಾಪನ ಕೈಯಿಂದ ಕಪ್ಪು ತೆಗೆದು ತಾವೇ ಒಂದು ಚಮಚ ತಿಂದರು. ನುಂಗಿದರು ಕೂಡ. ಕಪ್ಪನ್ನು ಮೇಜಿನ ಮೇಲಿಟ್ಟು, “ಸ್ವಲ್ಪ ಉಪ್ಪು ಉಂಟು ಹಸನಬ್ಬರೇ. ಪರವಾಗಿಲ್ಲ,” ಎಂದರು. ಬಾಪ ಉಳಿದ ಎರಡು ಕ್ಯಾನುಗಳನ್ನು ತೆರೆಯುತ್ತೇನೆಂದರು. ಬೇಡ, ಜನ ಇನ್ನು ಮುಟ್ಟುವುದಿಲ್ಲ ಎಂದರು ಮಾಸ್ಟ್ರು. ಮೆಲ್ಲಗೇ ಹೇಳಿದರಂತೆ. ಮಾಮ ಅದನ್ನು ಎರಡು ಸಲ ಹೇಳಿದ, ಬಹಳ ಮೆಲ್ಲಗೆ ಹೇಳಿದರು ಎಂದು.

ಮಗ್ರಿಬ್‌ಗೆ ಸ್ವಲ್ಪ ಮುಂಚೆ ಅವರು ಮನೆಗೆ ಬಂದದ್ದು. ಕ್ಯಾನುಗಳನ್ನು ಅಂಗಳದಲ್ಲಿ ಇಳಿಸಿದರು. ಅಂದು ನನಗೆ ಏನೆನಿಸಿತು ಎಂದು ಬರೆಯಬೇಕೆಂದೇ ಈ ಅಧ್ಯಾಯ ಶುರು ಮಾಡಿದ್ದು. ಏನೂ ಅನಿಸಲಿಲ್ಲ ಎಂಬುದೇ ನಿಜ. ಹೆದರಿಕೆಯಾಗಲಿಲ್ಲ, ಅಳು ಬರಲಿಲ್ಲ. ಹಸಿವೂ ಇರಲಿಲ್ಲ. ಉಪ್ಪುನೀರಿನಿಂದ ತೆಗೆದ ಬೆರಳನ್ನು ಚಿವುಟಿ ನೋಡುವ ಹಾಗೆ ಒಳಗೊಳಗೆ ನನ್ನನ್ನೇ ಚಿವುಟಿ ನೋಡಿಕೊಂಡೆ. ಬಾಂಗ್ ಆಯಿತು. ನಾನು ಬಾವಿಕಟ್ಟೆಗೆ ಹೋಗಿ ಒಂದು ಚೊಂಬು ನೀರು ಕುಡಿದು ಯಾರಿಗೂ ಗೊತ್ತಾಗದಂತೆ ನೋಂಬು ಬಿಟ್ಟೆ. ಒಳಗೆ ಬಂದಾಗ ಬಾಪ ಖರ್ಜೂರ ತಿಂದು ನೀರು ಕುಡಿದು, ಚಮಚ ಹಿಡಿದು ಅಂಗಳಕ್ಕೆ ಇಳಿದಿದ್ದರು. ಮೂರು ಕ್ಯಾನುಗಳಿಂದಲೂ ಒಂದೊಂದು ಚಮಚ ತಿಂದರು. ಮೊದಲೆರಡು ಸಿಹಿ. ಮದುವೆಯಲ್ಲಿ ತೆರೆದದ್ದು ಮೂರನೆಯದು.

ರಾಕೆಟ್ ಸಮುದ್ರಕ್ಕೆ ಬಿದ್ದರೆ ಯಾರು ತಪ್ಪು ಮಾಡಿದರು ಎಂದು ಕೇಳುವುದಿಲ್ಲ, ಏನು ತಪ್ಪಾಯಿತು ಎಂದು ಕೇಳುತ್ತಾರೆ ಎನ್ನುವುದು ಬಾಪನ ಫೈಲಿನಲ್ಲಿದ್ದ ಇನ್ನೊಂದು ಪಾಠ. ಮರುದಿನ ನಮ್ಮನ್ನೆಲ್ಲ ಹಲಗೆಯ ಮುಂದೆ ಕೂರಿಸಿ ಹಾಗೇ ಕೇಳಿದರು. ಒಂದು ಸಲವೂ ಸ್ವರ ಏರಿಸಲಿಲ್ಲ. ನನ್ನ ಸರದಿ ಬಂದಾಗ ತಲೆ ನೇವರಿಸಿದರು.

“ಬೆಳಗ್ಗೆ ನೀನು ನೋಡುವಾಗ ಮೂರನೆಯದರಲ್ಲಿ ಉಪ್ಪು ಇರಲಿಲ್ಲ, ಅಲ್ವಾ?”

“ಇರಲಿಲ್ಲ.”

“ಹಾಗಾದರೆ ಇಲ್ಲಿಂದ ಹೊರಡುವಾಗ ಸರಿ ಇತ್ತು,” ಎಂದು ಬಾಪ ಹಲಗೆಯಲ್ಲಿ ಬರೆದರು. ಇಲ್ಲಿ ಸರಿ ಇದ್ದದ್ದು ಅಲ್ಲಿ ಕೆಟ್ಟಿದೆ. ಅಂದರೆ ದಾರಿಯಲ್ಲಿ ಕೆಟ್ಟಿದೆ. ದಾರಿಯಲ್ಲಿ ಕ್ಯಾನುಗಳನ್ನು ಹೊರತೆಗೆದು ಸುತ್ತಲಿನ ಉಪ್ಪಿನ ಐಸು ಬದಲಿಸಿದ್ದು ಪುಂಜಾಲಕಟ್ಟೆಯಲ್ಲಿ ಮಾತ್ರ. ಮೂರನೇ ಕ್ಯಾನಿನ ಮುಚ್ಚಳ ಸಡಿಲಾಗಿ ನೀರು ಒಳಗೆ ಹೋಗಿರಬೇಕು. ಮಾಮ ತನ್ನ ಎರಡು ಅಂಗೈಗಳನ್ನು ನೋಡಿಕೊಂಡ.

“ನಾನು ಸರಿ ಹಾಕಿದ್ದೆ ಅಂತಲೇ ನನ್ನ ಲೆಕ್ಕ, ಭಾವ. ಗುದ್ದಿ ನೋಡಿದ್ದೆ.”

“ಯಾರು ಅಂತ ನಾನು ಕೇಳ್ಲೇ ಇಲ್ಲ ರಫೀಕ್. ಏನು ಅಂತ ಮಾತ್ರ.”

“ಇರಬಹುದು,” ಎಂದ ಮಾಮ. “ಅವಸರದಲ್ಲಿ ಆಗಿರಬಹುದು.”

ಯಾರೂ ಮಾಮನಿಗೆ ಬೈಯಲಿಲ್ಲ. ಬೈದಿದ್ದರೆ ಅವನು ಜಗಳವಾದರೂ ಮಾಡುತ್ತಿದ್ದ. ಊಟಕ್ಕೆ ಕೂತಾಗ ಉಮ್ಮ ಅವನಿಗೆ ಮುಂಚಿಗಿಂತ ಹೆಚ್ಚು ಬಡಿಸತೊಡಗಿದಳು, ಅವನು ಮುಂಚಿಗಿಂತ ಕಡಿಮೆ ತಿನ್ನತೊಡಗಿದ. ಹಂತ ಬದಲಿಸುವುದು ನಮ್ಮಿಂದಾಗದ ಕೆಲಸ ಎಂದು ಬಾಪ ತೀರ್ಮಾನಿಸಿದರು. ಹಂತ ಇಲ್ಲದಿದ್ದರೆ ಬೆಳ್ತಂಗಡಿ ಇಲ್ಲ. ಮೂರನೆಯ ವೃತ್ತವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಚಂದ್ರ ಪೂರ್ತಿ ಹೋಗಲಿಲ್ಲ, ಬಹಳ ದಿನ ಮಸುಕಾಗಿ ಕಾಣುತ್ತಿತ್ತು. ಕ್ಯಾನುಗಳು ಅಟ್ಟಕ್ಕೆ ಹೋದವು. ಆಮೇಲೆ ನಾವು ಸೈಕಲಿನವರಿಗೆ ಕ್ಯಾಂಡಿ, ಮೀನಿನವರಿಗೆ ಐಸು, ಇಷ್ಟೇ ಮಾಡಿದ್ದು. ಮಳೆಗಾಲ ಹಿಡಿಯುವ ಹೊತ್ತಿಗೆ ಮಾಮ ಬಾಪನ ಹಳೆಯ ಪರಿಚಯದವರ ಮೂಲಕ ಗಲ್ಫಿಗೆ ಹೋದ. ಅಲ್ಲಿ ಗೋದಾಮಿನ ಗಾಡಿ ಓಡಿಸುವ ಕೆಲಸ. ಹೊರಡುವಾಗ ನನ್ನ ಕೈಗೆ ಚಾಕಲೇಟು ಕೊಟ್ಟು ಕೆನ್ನೆ ಚಿವುಟಿದ. ನಾನು ಅವನ ಮುಖ ನೋಡಲಿಲ್ಲ. ಅದೇ ವರ್ಷ ಮದ್ರಸಾದಲ್ಲಿ ಉಸ್ತಾದರು ನೋಂಬಿನ ಪಾಠ ಮಾಡುತ್ತ, ಅಗತ್ಯ ಬಿದ್ದರೆ ನಾಲಿಗೆಯ ತುದಿಗೆ ತಾಗಿಸಿ ರುಚಿ ನೋಡಿ ಉಗುಳಬಹುದು, ಗಂಟಲಿಗೆ ಇಳಿಯದಿದ್ದರೆ ನೋಂಬು ಮುರಿಯುವುದಿಲ್ಲ ಎಂದರು. ರಜಿಯಾ ನನ್ನ ಪಕ್ಕ ಕೂತು ಪೆನ್ಸಿಲು ಕಚ್ಚುತ್ತಿದ್ದಳು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಮನೆಗೆ ಬಂದು ಗಂಜಿ ಉಂಡೆ.

ಹೇಳಲು ಅವಕಾಶ ಸಿಗಲಿಲ್ಲ ಎನ್ನುವ ಹಾಗಿಲ್ಲ. ಹತ್ತು ಹನ್ನೆರಡು ವರ್ಷ, ದಿನಕ್ಕೆ ಮೂರು ಹೊತ್ತು ನಾವು ಎದುರುಬದುರು ಕೂತು ಉಂಡಿದ್ದೇವೆ. ಹೇಳದಿರುವುದು ಒಂದು ಅಭ್ಯಾಸವಾಯಿತು. ಅಜ್ಜಿ ತೀರಿಕೊಂಡರು. ನಾನು ಕಾಲೇಜಿಗೆ ಮೂಡುಬಿದಿರೆಗೆ ಹೋಗಿಬರತೊಡಗಿದೆ. ಮನೆಯಲ್ಲಿ ಯಾವುದಕ್ಕೂ ನನ್ನಿಂದ ಹೌದು, ಅಲ್ಲ ಎಂಬ ಮಾತು ಬರುತ್ತಿರಲಿಲ್ಲ. ಏನು ಕೇಳಿದರೂ “ನೋಡುವ” ಅನ್ನುತ್ತಿದ್ದೆ. ಗೆಳತಿಯರು ತಮಾಷೆ ಮಾಡುತ್ತಿದ್ದರು.

ಆ ಹೊತ್ತಿಗೆ ಬಾಪ ಊರಿನಲ್ಲಿ ಬೇರೆ ರೀತಿಯಲ್ಲಿ ಹೆಸರಾಗಿದ್ದರು. ಬಂಟ್ವಾಳದಲ್ಲಿ ಸಣ್ಣ ಅಂಗಡಿ, ಸಣ್ಣ ಉದ್ಯೋಗ ಶುರು ಮಾಡುವವರಿಗೆ ಒಂದು ಶಿಬಿರ ನಡೆಯುತ್ತಿತ್ತು. ರಾಕೆಟ್ಟಿನ ಬ್ಯಾರಿ ಎಂದು ಪ್ರತಿ ವರ್ಷ ಇವರನ್ನು ಮಾತಾಡಲು ಕರೆಯುತ್ತಿದ್ದರು. ಆ ಸಲ ಮಾಮ ರಜೆಯಲ್ಲಿ ಬಂದಿದ್ದ. ತಲೆ ನರೆತಿತ್ತು. ಬಾಪ ಮಾಮನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಟೈಲರಿಂಗಿನ ಹೆಂಗಸರು, ಬೇಕರಿಯವರು, ಕೋಳಿ ಸಾಕುವವರು, ಮೊಬೈಲ್ ಅಂಗಡಿಯ ಹುಡುಗರು ಸಾಲಾಗಿ ಕೂತಿದ್ದರು. ಬಾಪ ಚೆನ್ನಾಗಿ ಮಾತಾಡಿದರು. ದೊಡ್ಡ ಗುರಿ ಇಟ್ಟುಕೊಳ್ಳಿ, ಆದರೆ ಅದನ್ನು ಹಂತ ಹಂತವಾಗಿ ತುಂಡು ಮಾಡಿ. ನಿಮ್ಮ ಕೆಲಸದವರಲ್ಲಿ ಅತೀ ಸಣ್ಣವರಿಗೂ ನಿಲ್ಲು ಅನ್ನುವ ಅಧಿಕಾರ ಕೊಡಿ. ಬಿದ್ದರೆ ಯಾರು ಅಂತ ಕೇಳಬೇಡಿ, ಏನು ಅಂತ ಕೇಳಿ. ಆಮೇಲೆ ಬೆಳ್ತಂಗಡಿಯ ಕತೆ ಹೇಳಿದರು.

“ನನ್ನ ಮಗಳು ರುಚಿ ನೋಡಿ ಸರಿ ಅಂದಿದ್ದಳು. ನಾವು ತಪ್ಪಿದ್ದು ಹಂತ ಬದಲಿಸುವ ಜಾಗದಲ್ಲಿ. ಅಲ್ಲಿ ಒಂದು ಮುಚ್ಚಳ ಸಡಿಲ ಆಗಿತ್ತು. ಒಂದೇ ಒಂದು ಮುಚ್ಚಳ. ಹಂತ ಬದಲಿಸುವಲ್ಲಿ ಜಾಗ್ರತೆ, ಇದು ನನ್ನ ಪಾಠ.”

ಮಾಮ ನನ್ನ ಪಕ್ಕ ಕೂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ತಟ್ಟಿ ಆದ ಮೇಲೆ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ನೋಡಿದ. ಹಲಗೆಯ ಮುಂದೆ ಅಂದು ನೋಡಿದ್ದನಲ್ಲ, ಹಾಗೇ. ಆಗ ನನಗೆ ನೋವಾಯಿತು. ಎದೆಯ ಎಡಕ್ಕೋ ಹೊಟ್ಟೆಗೋ ಹೇಳಲಾರೆ, ಎಲ್ಲೋ ಒಂದು ಕಡೆ ಸರಿಯಾಗಿ ನೋವಾಯಿತು.

ಮನೆಗೆ ಬಂದು ಅಂಗಳದಲ್ಲಿ ಚಾ ಕುಡಿಯುವಾಗ ಹೇಳಿದೆ. ಉಮ್ಮ ಗೋಳಿಬಜೆಯ ತಟ್ಟೆ ತಂದಿಡುತ್ತಿದ್ದಳು.

“ಬಾಪ, ಆ ದಿನ ನಾನು ರುಚಿ ನೋಡಿರಲಿಲ್ಲ.”

“ಯಾವ ದಿನ?”

“ಮಾಸ್ಟ್ರ ಮನೆಯ ಮದುವೆ ದಿನ. ನನಗೆ ನೋಂಬು ಇತ್ತು. ಹದಿನೇಳನೆಯದು. ಚಮಚ ಬಾಯಿಗೆ ಇಡಲೇ ಇಲ್ಲ. ಮೂರಕ್ಕೂ ಇಡಲಿಲ್ಲ.”

ಕಂಪ್ರೆಸರಿನ ಸದ್ದು ಕೇಳಿಸುತ್ತಿತ್ತು. ಬಾಪ ಗ್ಲಾಸು ಕೆಳಗಿಟ್ಟರು. ಅವರು ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ.

“ನೋಂಬು ಪೂರ್ತಿ ಮಾಡಿದ್ದೆಯಾ?”

“ಹೌದು. ಬಾವಿಯ ಹತ್ತಿರ ನೀರು ಕುಡಿದು ಬಿಟ್ಟೆ.”

“ಅಷ್ಟಾದರೂ ಆಯಿತಲ್ಲ,” ಎಂದು ಬಾಪ ಎದ್ದರು.

ಏಣಿ ಇಟ್ಟು ಅಟ್ಟ ಹತ್ತಿದ್ದು ಮಾಮ. ಮೂರನೇ ಕ್ಯಾನನ್ನು ಕೆಳಗಿಳಿಸಿದ. ಅದರ ಮೈಮೇಲೆ ಮೂರನೆಯದೆಂಬ ಗುರುತಿಗೆ ಬಾಪ ಬಳಿದ ಮೂರು ಕೆಂಪು ಗೆರೆಗಳು ಹಾಗೇ ಇದ್ದವು. ಒಳಗೆ ಉಮ್ಮ ಇಟ್ಟಿದ್ದ ಹಳೆಯ ಬಟ್ಟೆ ತೆಗೆದು, ತೊಳೆದು, ಬಾವಿನೀರು ತುಂಬಿ ಅಂಗಳದ ಸಿಮೆಂಟು ನೆಲದ ಮೇಲೆ ನಿಲ್ಲಿಸಿದ. ಆ ದಿನ ಯಾರೂ ಮಾಡದ ಕೆಲಸ ಇದು. ರುಚಿ ಸರಿ ಎಂದಾದ ಮೇಲೆ ಕ್ಯಾನನ್ನು ಪರೀಕ್ಷಿಸುವ ಅಗತ್ಯವೇ ಬಿದ್ದಿರಲಿಲ್ಲ. ನಾಲ್ಕೂ ಜನ ಸುತ್ತ ಕೂತು ನೋಡಿದೆವು. ಮೊದಲು ಏನೂ ಇಲ್ಲ. ಆಮೇಲೆ ಬೆಸುಗೆಯ ಗೆರೆಯ ಉದ್ದಕ್ಕೆ, ಕೆಳಗಿನಿಂದ ಒಂದು ಗೇಣಿನ ಮೇಲೆ, ಒದ್ದೆಯ ಒಂದು ಕೂದಲೆಳೆ ಮೂಡಿತು. ಅದು ದಪ್ಪವಾಯಿತು. ಒಂದು ಹನಿ ಇಳಿಯಿತು. ಇನ್ನೊಂದು ಇಳಿಯಿತು. ಹೊರಗಿನ ಉಪ್ಪುನೀರು ಅಂದು ಅದೇ ದಾರಿಯಲ್ಲಿ ಒಳಗೆ ಹೋಗಿತ್ತು, ನಮ್ಮ ಐಸ್ ಕೋಣೆಯ ತೊಟ್ಟಿಯಲ್ಲೇ, ಹಾಲು ಇನ್ನೂ ಗಟ್ಟಿಯಾಗದಿದ್ದಾಗ, ನಾನು ಚಮಚ ಹಾಕುವ ಮೊದಲೇ.

“ಹಾಗಾದರೆ ಮುಚ್ಚಳ ನಾನು ಸರಿ ಹಾಕಿದ್ದೆ,” ಎಂದ ಮಾಮ. ಯಾರಿಗೂ ಹೇಳಿದ್ದಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಹೇಳಿದ. ಉಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನೆಲದ ಮೇಲೆ ನೀರು ಹರಿದು ಬಾಪನ ಕಾಲಿಗೆ ತಾಗಿತು, ಅವರು ಕಾಲು ಸರಿಸಲಿಲ್ಲ. ಮಾಮನ ಕಡೆ ನೋಡಿ, ಹಲಗೆಯ ಮುಂದೆ ನಿಂತು ಕರೆಯುತ್ತಿದ್ದ ಅದೇ ಸ್ವರದಲ್ಲಿ ಕರೆದರು.

“ಮುಚ್ಚಳ?”

ಮಾಮನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

“ಸರಿ,” ಎಂದ.

“ಗಾಡಿ?”

“ಸರಿ ಭಾವ.”

ಬಾಪ ನನ್ನ ಕಡೆ ತಿರುಗಿದರು.

“ರುಚಿ?”

ನಾನು ಕ್ಯಾನಿನ ಬೆಸುಗೆಯ ಮೇಲೆ ಬೆರಳಿಟ್ಟೆ. ನೀರು ತಣ್ಣಗಿತ್ತು, ತಣ್ಣಗಿದೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು.

“ನಿಲ್ಲು,” ಎಂದೆ.